ಜೇನು, ಕಾಚಂಪುಳಿ, ತೀರ್ಥ, ವೈನ್: ವಿಮಾನದ ಕೈಚೀಲದ ಬಗ್ಗೆ ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೆ ವಿಮಾನ ಹತ್ತುವವರಿಗೇನೂ ಕಮ್ಮಿ ಇಲ್ಲ. ಗಲ್ಫ್‌ನಲ್ಲಿ ಕೆಲಸ ಮಾಡುವವರು, ಮಕ್ಕಳನ್ನು ನೋಡೋಕೆ ಅಮೆರಿಕ, ಆಸ್ಟ್ರೇಲಿಯಾಕ್ಕೆ ಹೊರಟ ಹಿರಿಯರು, ರಜೆ ಮುಗಿಸಿ ಯೂನಿಟ್‌ಗೆ ವಾಪಸ್ ಹೋಗುವ ಸೈನಿಕರು, ಎಲ್ಲರ ಬ್ಯಾಗಿನಲ್ಲೂ ಊರಿನ ಒಂದು ಬಾಟಲಿ ಇದ್ದೇ ಇರುತ್ತದೆ. ಮದುವೆ ಮನೆಯಲ್ಲಿ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಅದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೆಕ್ಯೂರಿಟಿಯವರು ನೋಡುವುದು ಬೇರೆ, ವಿಮಾನ ಕಂಪನಿ ನೋಡುವುದು ಬೇರೆ, ಇಳಿದ ದೇಶದ ಕಸ್ಟಮ್ಸ್‌ನವರು ನೋಡುವುದು ಇನ್ನೂ ಬೇರೆ. "ಬೆಂಗಳೂರಲ್ಲಿ ಬಿಟ್ಟರು, ಸಿಡ್ನಿಯಲ್ಲಿ ಹಿಡಿದರು" ಅನ್ನುವ ಕಥೆಗಳೆಲ್ಲ ಹುಟ್ಟುವುದು ಈ ಮೂರನ್ನು ಒಂದೇ ಅಂದುಕೊಂಡಾಗ.

## ಮೊದಲ ಸಲ ಹೊರಟವರಿಗೆ

ಕೈಯಲ್ಲಿ ಹಿಡ್ಕೊಂಡು ಹೋಗೋ ಬ್ಯಾಗಲ್ಲಿ ಎಷ್ಟು ಎಣ್ಣೆ, ಶಾಂಪೂ ಇಟ್ಕೋಬಹುದು?

ವಿದೇಶಕ್ಕೆ ಹೋಗುವ ವಿಮಾನವಾದರೆ ಒಂದು ಬಾಟಲಿಯಲ್ಲಿ ಹೆಚ್ಚೆಂದರೆ 100 ಮಿಲಿ. ಇಂಥ ಚಿಕ್ಕ ಬಾಟಲಿಗಳನ್ನೆಲ್ಲ ಒಂದು ಲೀಟರ್ ಹಿಡಿಯುವ, ಒಳಗಿರುವುದು ಕಾಣುವ, ತೆಗೆದು ಮತ್ತೆ ಮುಚ್ಚಲು ಬರುವ ಜಿಪ್ ಕವರಿನಲ್ಲಿ ಹಾಕಬೇಕು. ಸುಮಾರು 20 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಕವರು. ಒಬ್ಬರಿಗೆ ಒಂದೇ.

ಲೀಟರ್ ಕವರು ಅಂದ ಮಾತ್ರಕ್ಕೆ 100 ಮಿಲಿಯ ಹತ್ತು ಬಾಟಲಿ ಹಿಡಿಯುತ್ತದೆ ಅಂತ ಲೆಕ್ಕ ಹಾಕಬೇಡಿ. ಬಾಟಲಿಗಳ ಮಧ್ಯೆ ಜಾಗ ವ್ಯರ್ಥವಾಗುತ್ತದೆ, ಐದಾರು ಹಿಡಿದರೆ ಹೆಚ್ಚು. ಕವರಿನ ಜಿಪ್ ಎಳೆದರೆ ಸಲೀಸಾಗಿ ಮುಚ್ಚಬೇಕು, ಉಬ್ಬಿಕೊಂಡು ನಿಂತರೆ ಒಂದೆರಡು ತೆಗೆಯಿರಿ ಅಂತಾರೆ. ಈ ಕವರನ್ನು ಬ್ಯಾಗಿನ ಅಡಿಯಲ್ಲಿ ಹೂತಿಡದೆ ಮೇಲೇ ಇಡಿ. ಟ್ರೇ ಬಂದಾಗ ಹಿಂದೆ ಸಾಲಿನಲ್ಲಿ ನಿಂತವರ ಎದುರು ಬಟ್ಟೆಯೆಲ್ಲ ಹೊರಗೆಳೆಯುವುದು ತಪ್ಪುತ್ತದೆ.

200 ಮಿಲಿ ಬಾಟಲಿ, ಆದ್ರೆ ಒಳಗೆ ಕಾಲು ಭಾಗ ಮಾತ್ರ ಇದೆ. ಬಿಡ್ತಾರಾ?

ಇಲ್ಲ. ಅವರು ನೋಡುವುದು ಬಾಟಲಿಯ ಅಳತೆ, ಒಳಗೆ ಎಷ್ಟು ಉಳಿದಿದೆ ಅನ್ನುವುದಲ್ಲ. ಮುಗಿಯುತ್ತಾ ಬಂದ ಟೂತ್‌ಪೇಸ್ಟಿನ ದೊಡ್ಡ ಟ್ಯೂಬು ಕೂಡ ಇದೇ ಲೆಕ್ಕ. ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ.

ಈ 100 ಮಿಲಿ ರೂಲ್ ಎಲ್ಲಿಂದ ಬಂತು? ಮೊದಲು ಇರಲಿಲ್ಲ ಅಲ್ವಾ?

ಇರಲಿಲ್ಲ. 2006ರ ಆಗಸ್ಟ್‌ನಲ್ಲಿ ಬ್ರಿಟನ್ ಪೊಲೀಸರು ಒಂದು ಸಂಚು ಬಯಲು ಮಾಡಿದರು. ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿಸಿಕೊಂಡು, ಬ್ರಿಟನ್‌ನಿಂದ ಅಮೆರಿಕ ಮತ್ತು ಕೆನಡಾಕ್ಕೆ ಹೋಗುವ ವಿಮಾನಗಳನ್ನು ಆಕಾಶದಲ್ಲೇ ಉಡಾಯಿಸುವ ಸಂಚು ಅದು. ಮೊದಲ ಕೆಲವು ದಿನ ಅಲ್ಲಿ ಕೈಯಲ್ಲಿ ಹೆಚ್ಚೂ ಕಮ್ಮಿ ಏನನ್ನೂ ಒಯ್ಯಲು ಬಿಡಲಿಲ್ಲ. ಆಮೇಲೆ ಅಮೆರಿಕ, ಯುರೋಪು 100 ಮಿಲಿಯ ಮಿತಿಗೆ ಬಂದವು. 2007ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯೂ ಅದನ್ನೇ ಎಲ್ಲ ದೇಶಗಳಿಗೂ ಶಿಫಾರಸು ಮಾಡಿತು. ಆಗಿನ ಎಕ್ಸ್‌ರೇ ಯಂತ್ರಕ್ಕೆ ನೀರು ಯಾವುದು, ಸ್ಫೋಟಕ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಪ್ರಮಾಣವನ್ನೇ ಇಳಿಸಿದರು.

ಬೆಂಗಳೂರಿಂದ ದೆಹಲಿಗೆ ಹೋಗೋಕೂ ಇದೇ ರೂಲಾ?

ದೇಶದ ಒಳಗಿನ ವಿಮಾನದಲ್ಲಿ ಇಷ್ಟು ಬಿಗಿ ಇರುವುದಿಲ್ಲ. ಸಾಮಾನ್ಯವಾಗಿ ಕುಡಿಯುವ ನೀರಿನ ಬಾಟಲಿ ಬಿಡುತ್ತಾರೆ, ಕೆಲವೊಮ್ಮೆ ಒಂದು ಗುಟುಕು ಕುಡಿದು ತೋರಿಸಿ ಅಂತಾರೆ. ಆದರೆ ಕೊನೆಯ ಮಾತು ಸೆಕ್ಯೂರಿಟಿಯಲ್ಲಿ ನಿಂತ ಸಿಐಎಸ್‌ಎಫ್ ಸಿಬ್ಬಂದಿಯದ್ದು. ಅನುಮಾನ ಬಂದ ಯಾವ ಬಾಟಲಿಯನ್ನೂ ಅವರು ತಡೆಯಬಹುದು. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ತಪಾಸಣೆ ಇನ್ನೂ ಜಾಸ್ತಿ. ಆಗ ಮನೆಯಿಂದ ಸ್ವಲ್ಪ ಬೇಗ ಹೊರಡಿ.

ಒಂದು ಸಿಕ್ಕು ಇದೆ, ಗಮನಿಸಿ. ಬೆಂಗಳೂರಿನಿಂದ ಮುಂಬೈಗೆ ಹೋಗಿ ಅಲ್ಲಿಂದ ಲಂಡನ್ ವಿಮಾನ ಹಿಡಿಯುವವರು ಮೊದಲ ಚೆಕ್‌ನಲ್ಲಿ ಪಾಸಾದ ಬಾಟಲಿಯನ್ನು ಮುಂಬೈಯಲ್ಲಿ ಕಳೆದುಕೊಳ್ಳಬಹುದು. ಟಿಕೆಟಿನಲ್ಲಿ ಒಂದು ವಿದೇಶಿ ಹಾರಾಟ ಇದ್ದರೂ ಸಾಕು, ಮನೆಯಿಂದಲೇ 100 ಮಿಲಿ ಲೆಕ್ಕದಲ್ಲಿ ಪ್ಯಾಕ್ ಮಾಡಿ.

ತುಪ್ಪ ಗಟ್ಟಿ ಇರುತ್ತೆ, ಅದು ದ್ರವ ಹೇಗಾಗುತ್ತೆ?

ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ತುಪ್ಪ ಕಲ್ಲಿನಂತೆ ಇರುತ್ತದೆ, ಒಪ್ಪಿದೆ. ಆದರೆ ನಿಯಮ ಬರೀ ದ್ರವಕ್ಕಲ್ಲ. ಜೆಲ್, ಪೇಸ್ಟ್, ಕ್ರೀಮ್, ಸ್ಪ್ರೇ ಎಲ್ಲ ಸೇರಿದೆ. ಸುರಿದರೆ ಹರಿಯುತ್ತದೆ, ಬೆರಳಿನಲ್ಲಿ ಬಳಿಯಬಹುದು, ಒತ್ತಿದರೆ ಹಿಸುಕಿಕೊಂಡು ಬರುತ್ತದೆ ಅಂದರೆ ಅದನ್ನು ದ್ರವ ಅಂತಲೇ ಇಟ್ಟುಕೊಳ್ಳಿ. ಹಾಗಾಗಿ ತುಪ್ಪ, ಬೆಣ್ಣೆ, ಜಾಮ್, ಚಟ್ನಿ, ಮೊಸರು, ಪಾಯಸ, ಕೂದಲ ಜೆಲ್ ಎಲ್ಲ ದ್ರವದ ಸಾಲಿಗೇ. ಸೋಪಿನ ಬಿಲ್ಲೆ, ಒಣ ಸಿಹಿತಿಂಡಿ, ಚಕ್ಕುಲಿ, ಕಡಂಬುಟ್ಟು ಅಲ್ಲ.

ಖಾಲಿ ಬಾಟಲಿ ತಗೊಂಡು ಹೋಗಬಹುದಾ?

ಧಾರಾಳವಾಗಿ. ಚೆಕ್ ಮುಗಿದ ಮೇಲೆ ಒಳಗೆ ಕುಡಿಯುವ ನೀರಿನ ನಲ್ಲಿ ಇರುತ್ತದೆ, ತುಂಬಿಸಿಕೊಳ್ಳಿ. ಒಳಗಿನ ಅಂಗಡಿಯಲ್ಲಿ ನೀರಿಗೆ ಕೊಡುವ ದುಡ್ಡಿನಲ್ಲಿ ಊರಿನಲ್ಲಿ ಊಟವೇ ಆಗುತ್ತದೆ.

## ಅಡುಗೆಮನೆಯ ಬಾಟಲಿಗಳು

ಭಾಗಮಂಡಲದ ಜೇನು ಎರಡು ಕೆಜಿ ಇದೆ. ಹೇಗೆ ಒಯ್ಯೋದು?

ಚೆಕ್-ಇನ್ ಲಗೇಜಿನಲ್ಲಿ, ಅಂದರೆ ಕೌಂಟರಿನಲ್ಲಿ ಕೊಟ್ಟು ಕಳಿಸುವ ಪೆಟ್ಟಿಗೆಯಲ್ಲಿ. ಕೈಚೀಲಕ್ಕೆ ಬೇಕೇ ಬೇಕು ಅಂದರೆ ಚಿಕ್ಕ ಬಾಟಲಿ ಒಂದು. ಜೇನು ನೀರಿಗಿಂತ ಭಾರ, 100 ಮಿಲಿ ಜೇನು ಸುಮಾರು 140 ಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ಸಿಗುವ 100 ಗ್ರಾಂ ಬಾಟಲಿಯಲ್ಲಿ ಇರುವುದು ಸುಮಾರು 70 ಮಿಲಿ. ಅದು ಕೈಚೀಲಕ್ಕೆ ಸರಿ. ಲೇಬಲ್ ಕೀಳಬೇಡಿ. ಲೇಬಲ್ ಇಲ್ಲದ ಕಂದು ಬಣ್ಣದ ಗಟ್ಟಿ ದ್ರವ ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ.

ಇಲ್ಲಿಗೆ ಅರ್ಧ ಕೆಲಸ ಮುಗಿಯಿತು, ಇನ್ನರ್ಧ ಇಳಿಯುವ ದೇಶದಲ್ಲಿ. ನ್ಯೂಜಿಲೆಂಡಿಗೆ ಜೇನು ಒಯ್ಯುವ ಹಾಗೇ ಇಲ್ಲ. ತಮ್ಮ ಜೇನುಹುಳುಗಳಿಗೆ ರೋಗ ಬರುತ್ತದೆ ಅನ್ನುವ ಭಯ ಅವರಿಗೆ. ಆಸ್ಟ್ರೇಲಿಯಾದಲ್ಲಿ ಇಳಿಯುವಾಗ ಕೊಡುವ ಫಾರ್ಮಿನಲ್ಲಿ ಜೇನು ಇದೆ ಅಂತ ಕಡ್ಡಾಯವಾಗಿ ಬರೆಯಬೇಕು. ಮಗ ಪರ್ತ್‌ನಲ್ಲಿದ್ದರೆ ಇನ್ನೂ ಹುಷಾರು, ಪಶ್ಚಿಮ ಆಸ್ಟ್ರೇಲಿಯಾದ ಸ್ವಂತ ನಿರ್ಬಂಧ ಬೇರೆ ಇದೆ. ಅಮೆರಿಕದಲ್ಲೂ ಫಾರ್ಮಿನಲ್ಲಿ ಹೇಳಿಬಿಡಿ. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಸ್ವಂತ ಬಳಕೆಗೆ ಒಬ್ಬರು ಎರಡು ಕೆಜಿವರೆಗೆ ಒಯ್ಯಬಹುದು. ಹೇಳಿದರೆ ಹೆಚ್ಚೆಂದರೆ ಬಾಟಲಿ ಹೋಗುತ್ತದೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಹುಟ್ಟಿಯ ಸಮೇತ ಜೇನು ಕಳಿಸುವ ಆಸೆ ಕೆಲವರಿಗೆ. ಬೇಡ. ಮೇಣದಲ್ಲಿ ಮರಿಹುಳು ಸಿಕ್ಕರೆ ಯಾವ ದೇಶವೂ ಒಪ್ಪುವುದಿಲ್ಲ.

ಕಾಚಂಪುಳಿ ನೋಡಿದ್ರೆ ಟಾರ್ ಥರ ಇದೆ. ಸ್ಕ್ಯಾನರ್‌ನಲ್ಲಿ ಹಿಡಿದು ಕೇಳಿದ್ರೆ ಏನು ಹೇಳ್ಲಿ?

"ಅಡುಗೆಗೆ ಹಾಕುವ ವಿನೆಗರ್" ಅಂತ ಹೇಳಿ. ಅಷ್ಟೇ ಸಾಕು. ಪಣಪುಳಿ ಹಣ್ಣಿನ ರಸ ಇಳಿಸಿ, ಕಪ್ಪಗೆ ಆಗುವ ತನಕ ಕಾಯಿಸಿ ಮಾಡುವುದನ್ನೆಲ್ಲ ಸಾಲಿನಲ್ಲಿ ನಿಂತು ವಿವರಿಸಬೇಡಿ. ಕಂಪನಿಯ ಲೇಬಲ್ ಇರುವ, ಹುಳಿಯ ಹೆಸರು ಬರೆದ ಬಾಟಲಿ ಒಯ್ದರೆ ಈ ಪ್ರಶ್ನೆಯೇ ಬರುವುದಿಲ್ಲ. ಮನೆಯದ್ದೇ ಬೇಕು ಅಂದರೆ ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಅಡುಗೆ ವಿನೆಗರ್ ಅಂತ ಬರೆದು ಅಂಟಿಸಿ.

ನಿಜ ಹೇಳಬೇಕು ಅಂದರೆ ಕೈಚೀಲಕ್ಕೆ ಇದರಷ್ಟು ಒಗ್ಗುವ ವಸ್ತು ಬೇರೆ ಇಲ್ಲ. ಒಂದು ಕೆಜಿ ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಒಂದೆರಡು ಚಮಚ ಸಾಕು. 100 ಮಿಲಿ ಬಾಟಲಿ ಇದ್ದರೆ ತಿಂಗಳುಗಟ್ಟಲೆ ಬರುತ್ತದೆ. ಹುಳಿ ಜಾಸ್ತಿ ಇರುವುದರಿಂದ ತಗಡಿನ ಮುಚ್ಚಳ ಬೇಡ, ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಮುಚ್ಚಳದ ಗಾಜಿನ ಬಾಟಲಿ ಒಳ್ಳೆಯದು.

ಪಂದಿ ಕರಿ, ಪಂದಿ ಉಪ್ಪಿನಕಾಯಿ ಡಬ್ಬಿಯಲ್ಲಿ ಹಾಕಿ ಕೊಡಬಹುದಾ?

ದೆಹಲಿಗೋ ಪುಣೆಗೋ ಆದರೆ ಚೆಕ್-ಇನ್‌ನಲ್ಲಿ ಗಟ್ಟಿಯಾಗಿ ಪ್ಯಾಕ್ ಮಾಡಿ ಕಳಿಸಿ. ಸೋರಿದರೆ ಮಾತ್ರ ಆ ಎಣ್ಣೆ, ಆ ಘಮ ಬಟ್ಟೆಯನ್ನು ಜನ್ಮದಲ್ಲಿ ಬಿಡುವುದಿಲ್ಲ. ಮೆಣಸಿನಕಾಯಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಒಯ್ಯಬಾರದು ಅಂತ ನಮ್ಮ ವಿಮಾನ ನಿಲ್ದಾಣಗಳ ಪಟ್ಟಿಯಲ್ಲೇ ಇದೆ. ಹಾಗಾಗಿ ಯಾವ ಉಪ್ಪಿನಕಾಯಿಯನ್ನೂ ಕೈಗೆ ತೆಗೆದುಕೊಳ್ಳದೇ ಇರುವುದು ವಾಸಿ.

ವಿದೇಶಕ್ಕೆ ಅಂದರೆ ಮರೆತುಬಿಡಿ. ಅಮೆರಿಕ, ಆಸ್ಟ್ರೇಲಿಯಾ, ಯುರೋಪಿನ ದೇಶಗಳು ಪ್ರಯಾಣಿಕರು ಇಲ್ಲಿಂದ ಒಯ್ಯುವ ಮಾಂಸವನ್ನು ಒಳಗೆ ಬಿಡುವುದಿಲ್ಲ. ಬೇಯಿಸಿದ್ದು, ಒಣಗಿಸಿದ್ದು, ಉಪ್ಪಿನಕಾಯಿ ಹಾಕಿದ್ದು ಅಂತ ರಿಯಾಯಿತಿಯೂ ಇಲ್ಲ. ಸೌದಿಗೆ ಹಂದಿ ಮಾಂಸ ಒಯ್ಯುವುದು ಕಾನೂನಿನ ಪ್ರಕಾರವೇ ಅಪರಾಧ. ಕಾಚಂಪುಳಿ ಒಯ್ಯಿರಿ, ಮಾಂಸ ಅಲ್ಲೇ ಕೊಳ್ಳಿ.

ಬೈಂಬಳೆ (ಕಳಲೆ) ಉಪ್ಪಿನಕಾಯಿ ಮಾಂಸವಲ್ಲ, ಆದರೆ ಸಸ್ಯದ ವಸ್ತು. ಕಂಪನಿ ಪ್ಯಾಕಿನದ್ದು ಸಾಮಾನ್ಯವಾಗಿ ಹೋಗುತ್ತದೆ, ಫಾರ್ಮಿನಲ್ಲಿ ಮಾತ್ರ ಹೇಳಬೇಕು.

ಕಕ್ಕಡ ಪದಿನೆಟ್ಟಿಗೆ ಮಗಳು ದುಬೈಲಿ ಇರ್ತಾಳೆ. ಮದ್ದು ಸೊಪ್ಪಿನ ರಸ ಒಯ್ಯಬಹುದಾ?

ಪ್ರತಿ ವರ್ಷ ಜುಲೈ ಕೊನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ಇಲ್ಲದಿದ್ದರೆ ಹೇಗೆ, ಅಲ್ವಾ?

ಸೊಪ್ಪು ಬೇಯಿಸಿ ತೆಗೆದ ಕಡು ನೇರಳೆ ರಸ ದ್ರವವೇ. ಕೈಚೀಲದಲ್ಲಿ 100 ಮಿಲಿ ಮಾತ್ರ, ಜಾಸ್ತಿ ಬೇಕಾದರೆ ಚೆಕ್-ಇನ್. ಹಿಂದಿನ ದಿನ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ, ಎರಡು ಕವರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಲಗೇಜಿಗೆ ಹಾಕಿದರೆ ಗಲ್ಫ್ ಮುಟ್ಟುವ ತನಕ ಕೆಡದೆ ಇರುತ್ತದೆ. ಆ ಬಣ್ಣ ಬಿಳಿ ಬಟ್ಟೆಗೆ ಹತ್ತಿದರೆ ಹೋಗುವುದು ಕಷ್ಟ, ಸೀರೆಗಳ ಮಧ್ಯೆ ಇಡಬೇಡಿ. ಹಸಿ ಸೊಪ್ಪಿನ ಕಟ್ಟನ್ನು ಆಸ್ಟ್ರೇಲಿಯಾ, ಅಮೆರಿಕದ ಕಡೆಗೆ ಒಯ್ಯಲೇಬೇಡಿ.

ತೆಂಗಿನೆಣ್ಣೆ ಸರಿ. ತೆಂಗಿನಕಾಯಿ, ಕೊಬ್ಬರಿ ಯಾಕೆ ತೆಗೆದು ಬಿಸಾಡ್ತಾರೆ?

ಎಣ್ಣೆಗೆ ಅದೇ 100 ಮಿಲಿ ಲೆಕ್ಕ. ಒಣ ಕೊಬ್ಬರಿಯದ್ದು ಬೇರೆ ಕಥೆ. ಅದರಲ್ಲಿ ಎಣ್ಣೆಯ ಅಂಶ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹಿಡಿಯಬಹುದಾದ ವಸ್ತು ಅಂತ ವಿಮಾನ ಸಾಗಣೆಯ ಅಪಾಯಕಾರಿ ಪಟ್ಟಿಯಲ್ಲಿ ಅದಕ್ಕೆ ಸ್ವಂತ ನಂಬರೇ ಇದೆ, ಯುಎನ್ 1363. ಹಾಗಾಗಿ ನಮ್ಮ ವಿಮಾನ ಕಂಪನಿಗಳು ಕೊಬ್ಬರಿಯನ್ನು ಕೈಚೀಲದಲ್ಲೂ ಬಿಡುವುದಿಲ್ಲ, ಲಗೇಜಿನಲ್ಲೂ ಬಿಡುವುದಿಲ್ಲ. ಇಡೀ ತೆಂಗಿನಕಾಯಿಯನ್ನೂ ಕ್ಯಾಬಿನ್‌ಗೆ ಬಿಡುವುದಿಲ್ಲ. ಶಬರಿಮಲೆ ಯಾತ್ರಿಕರ ಇರುಮುಡಿಯಲ್ಲಿರುವ ಕಾಯಿಗೆ ಮಾತ್ರ ಆಯಾ ಸೀಸನ್ನಿಗೆ ವಿನಾಯಿತಿ ಕೊಟ್ಟದ್ದಿದೆ. 2024ರ ಸೀಸನ್ನಿಗೆ ಕೊಟ್ಟದ್ದು 2025ರ ಜನವರಿ 20ರವರೆಗೆ ಇತ್ತು. ಮಾಲೆ ಹಾಕಿದವರು ಹೊರಡುವ ಮೊದಲು ಆ ವರ್ಷದ ಆದೇಶ ನೋಡಿಕೊಳ್ಳಿ.

ಕಾಫಿ ಪುಡಿ ದ್ರವ ಅಲ್ಲ ತಾನೇ? ಅದನ್ನೂ ಯಾಕೆ ತೆಗೆಸಿ ನೋಡಿದ್ರು?

ಅಮೆರಿಕಕ್ಕೆ ಹೋಗುವ ವಿಮಾನವಾಗಿರಬೇಕು. 2018ರ ಜೂನ್ ಕೊನೆಯಿಂದ ಅಲ್ಲಿಗೆ ಹೋಗುವ ವಿಮಾನದ ಕೈಚೀಲದಲ್ಲಿ 350 ಮಿಲಿಗಿಂತ ಜಾಸ್ತಿ, ಅಂದರೆ ಹೆಚ್ಚೂ ಕಮ್ಮಿ ಒಂದು ತಂಪು ಪಾನೀಯದ ಕ್ಯಾನ್‌ಗಿಂತ ಜಾಸ್ತಿ ಪುಡಿ ಇದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ. ಏನು ಅಂತ ತಿಳಿಯದಿದ್ದರೆ ಬಿಡುವುದೂ ಇಲ್ಲ. ಅರ್ಧ ಕೆಜಿ ಫಿಲ್ಟರ್ ಕಾಫಿ ಪ್ಯಾಕೆಟ್ ಈ ಮಿತಿಯನ್ನು ಸಲೀಸಾಗಿ ದಾಟುತ್ತದೆ. ಲಗೇಜಿಗೆ ಹಾಕಿಬಿಡಿ. ಹುರಿದ ಬೀಜ ಪುಡಿಯಲ್ಲ, ಅದಕ್ಕೆ ಈ ತಲೆನೋವಿಲ್ಲ. ಡಿಕಾಕ್ಷನ್ ತುಂಬಿದ ಫ್ಲಾಸ್ಕ್ ಮಾತ್ರ ದ್ರವವೇ, ಸೆಕ್ಯೂರಿಟಿಗೆ ಮುಂಚೆ ಕುಡಿದು ಮುಗಿಸಿ.

ತಲಕಾವೇರಿ ತೀರ್ಥ ಒಯ್ಯಬೇಕು. ದೇವರ ತೀರ್ಥಕ್ಕೂ ರೂಲಾ?

ಯಂತ್ರಕ್ಕೆ ತೀರ್ಥವೂ ನೀರೇ. ಗಂಗಾಜಲಕ್ಕೂ ಜಮ್‌ಜಮ್ ನೀರಿಗೂ ಇದೇ ಮಾತು.

ಆದರೆ ಇದು ಸುಲಭದ ಕೆಲಸ. ತುಲಾ ಸಂಕ್ರಮಣದ ದಿನ ತಂದ ತೀರ್ಥ ಲೀಟರ್‌ಗಟ್ಟಲೆ ಬೇಕಾಗುವುದಿಲ್ಲ, ದೇವರ ಮನೆಯಲ್ಲಿ ಇಡಲು 50 ಮಿಲಿ ಸಾಕು. ಹೊಸ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಜಿಪ್ ಕವರಿನಲ್ಲಿ ಇಡಿ. ಹೂವಿನ ಎಸಳು, ತುಳಸಿ, ಮಣ್ಣಿನ ಕಣ ಏನಾದರೂ ಇದ್ದರೆ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಆಸ್ಟ್ರೇಲಿಯಾದವರಿಗೆ ನೀರಿಗಿಂತ ಆ ಎಲೆಯದ್ದೇ ತಕರಾರು.

ಬೆಸುಗೆ ಹಾಕಿ ಮುಚ್ಚಿದ ತಾಮ್ರದ ಚೆಂಬು ಮಾತ್ರ ಕೈಚೀಲದಲ್ಲಿ ಬೇಡ. ಲೋಹದ ಒಳಗೆ ಏನಿದೆ ಅಂತ ಸ್ಕ್ಯಾನರ್‌ಗೆ ಸರಿಯಾಗಿ ಕಾಣುವುದಿಲ್ಲ, ತೆರೆಯಿರಿ ಅಂತಾರೆ. ತೆರೆಯಲು ನಿಮಗೆ ಮನಸ್ಸಿಲ್ಲ, ಬಿಡಲು ಅವರಿಗೆ ಅಧಿಕಾರವಿಲ್ಲ. ಅಲ್ಲೇ ಜಗಳ. ಅದನ್ನು ಲಗೇಜಿನಲ್ಲಿ ಹಾಕಿ.

## ವೈನ್ ಮತ್ತು ಡ್ಯೂಟಿ ಫ್ರೀ

ಕೊಡಗಿನ ಹೋಮ್ ವೈನ್ ಎರಡು ಬಾಟಲಿ ತಗೊಂಡೆ. ವಿಮಾನದಲ್ಲಿ ಹೋಗುತ್ತಾ?

ಪ್ರವಾಸಕ್ಕೆ ಬಂದವರು ಜಾಸ್ತಿ ಕೇಳುವ ಪ್ರಶ್ನೆ. ಕೈಚೀಲದಲ್ಲಿ ಇಲ್ಲ. ಚೆಕ್-ಇನ್‌ಗೆ ಲೆಕ್ಕ ಹೀಗಿದೆ: ಶೇ. 24ರವರೆಗೆ ಆಲ್ಕೋಹಾಲ್ ಇದ್ದರೆ ಅಪಾಯಕಾರಿ ವಸ್ತುವಿನ ಮಿತಿ ಅನ್ವಯಿಸುವುದಿಲ್ಲ, 24ರಿಂದ 70ರವರೆಗೆ ಒಬ್ಬರಿಗೆ 5 ಲೀಟರ್, ಅದೂ ಅಂಗಡಿಯ ಸೀಲ್ ಇರುವ ಬಾಟಲಿಯಲ್ಲಿ, 70 ದಾಟಿದರೆ ಇಲ್ಲವೇ ಇಲ್ಲ. ವೈನ್ 24ರ ಒಳಗೇ ಬರುತ್ತದೆ. ತೊಂದರೆ ಏನೆಂದರೆ ಮನೆ ವೈನಿನ ಬಾಟಲಿ ಮೇಲೆ ಅದನ್ನು ಬರೆದಿರುವುದೇ ಇಲ್ಲ. ಹಳೆಯ ವಿಸ್ಕಿ ಬಾಟಲಿಗೆ ದ್ರಾಕ್ಷಿ ವೈನ್ ತುಂಬಿ ಕಾರ್ಕ್ ಹಾಕಿ ಕೊಟ್ಟಿದ್ದರೆ ಕೌಂಟರಿನಲ್ಲಿ ಯಾರೂ ನಿಮ್ಮ ಮಾತು ನಂಬಬೇಕಾಗಿಲ್ಲ. ಲೇಬಲ್, ಶೇಕಡಾವಾರು, ಬಿಲ್ ಇರುವುದನ್ನೇ ಕೊಳ್ಳಿ.

ಇನ್ನೊಂದು. ಹುದುಗುವಿಕೆ ಪೂರ್ತಿ ನಿಲ್ಲದ ವೈನ್ ಬಾಟಲಿಯಲ್ಲೇ ಗ್ಯಾಸ್ ಬಿಡುತ್ತಿರುತ್ತದೆ. ಮೇಲಕ್ಕೆ ಹೋದಾಗ ಕಾರ್ಕ್ ಎಗರುವುದು ಇಂಥದ್ದರಲ್ಲೇ. ಮುಚ್ಚಳ ತೆಗೆದಾಗ ಬುಸ್ ಅಂದರೆ ಆ ಬಾಟಲಿಯನ್ನು ಮಡಿಕೇರಿಯಲ್ಲೇ ಕುಡಿದು ಹೋಗಿ.

ಹೋಗುವ ಊರನ್ನೂ ನೋಡಿ. ಗುಜರಾತ್, ಬಿಹಾರದಲ್ಲಿ ಮದ್ಯ ನಿಷೇಧ ಇದೆ. ಸೌದಿ, ಕುವೈತ್‌ಗೆ ಒಂದು ತೊಟ್ಟೂ ಬೇಡ.

ವಿರಾಜಪೇಟೆಯಿಂದ ಕಣ್ಣೂರು ಏರ್‌ಪೋರ್ಟ್ ಹತ್ತಿರ. ಆ ದಾರಿಯಲ್ಲಿ ಬಾಟಲಿ ಒಯ್ಯಬಹುದಾ?

2018ರ ಡಿಸೆಂಬರ್‌ನಲ್ಲಿ ಮಟ್ಟನ್ನೂರಿನ ನಿಲ್ದಾಣ ಶುರುವಾದ ಮೇಲೆ ದಕ್ಷಿಣ ಕೊಡಗಿನವರಿಗೆ ಬೆಂಗಳೂರಿನ ದೂರ ತಪ್ಪಿತು. ಗಲ್ಫ್‌ಗೆ ಹೋಗುವವರಿಗಂತೂ ಅದೇ ಅನುಕೂಲ. ಆದರೆ ಮಾಕುಟ್ಟ ಘಾಟಿ ಇಳಿದ ಕೂಡಲೇ ಕೇರಳ. ಕೂಟುಪುಳದಲ್ಲಿ ಅವರ ಅಬಕಾರಿ ಚೆಕ್‌ಪೋಸ್ಟ್ ಇದೆ, ಕರ್ನಾಟಕದ ಮದ್ಯಕ್ಕೇ ಅಲ್ಲಿ ಕಾಯುತ್ತಿರುತ್ತಾರೆ. ವಿಮಾನದ ನಿಯಮ 5 ಲೀಟರ್ ಅನ್ನುತ್ತದೆ ಅಂತ ಅಲ್ಲಿ ವಾದಿಸಿ ಪ್ರಯೋಜನ ಇಲ್ಲ, ಅವರು ನೋಡುವುದು ಕೇರಳದ ಅಬಕಾರಿ ಕಾನೂನು. ವೈನ್, ವಿಸ್ಕಿ ಒಯ್ಯುವ ಯೋಚನೆ ಇದ್ದರೆ ಸಂಪಾಜೆ ಇಳಿದು ಮಂಗಳೂರಿಗೋ, ಇಲ್ಲ ಬೆಂಗಳೂರಿಗೋ ಹೋಗಿ. ಜೇನು, ಕಾಚಂಪುಳಿಗೆ ಮಾಕುಟ್ಟದಲ್ಲಿ ಏನೂ ತೊಂದರೆ ಇಲ್ಲ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿಯುವುದುಂಟು, ರಸ್ತೆ ತೆರೆದಿದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಡ್ಯೂಟಿ ಫ್ರೀಯಲ್ಲಿ ಕೊಂಡ ಲೀಟರ್ ಬಾಟಲಿಯನ್ನು ಮಧ್ಯದ ಏರ್‌ಪೋರ್ಟಲ್ಲಿ ಕಿತ್ಕೊಂಡ್ರು. ಯಾಕೆ?

ಹೆಚ್ಚಾಗಿ ಕವರ್ ಒಡೆದಿರುತ್ತದೆ. ಡ್ಯೂಟಿ ಫ್ರೀಯವರು ಬಾಟಲಿಯನ್ನು ಕೆಂಪು ಅಂಚಿನ ದಪ್ಪ ಪಾರದರ್ಶಕ ಕವರಿನಲ್ಲಿ ಹಾಕಿ ಸೀಲ್ ಮಾಡಿ, ಬಿಲ್ ಕಾಣುವಂತೆ ಒಳಗೆ ಇಡುತ್ತಾರೆ. ತೆರೆದರೆ ಗೊತ್ತಾಗುವಂಥ ಕವರು ಅದು. ಕೊನೆಯ ಊರು ಮುಟ್ಟುವ ತನಕ ಅದನ್ನು ಮುಟ್ಟಬಾರದು. "ಸುಮ್ನೆ ನೋಡೋಣ" ಅಂತ ತೆರೆದರೆ ದುಬೈಯಲ್ಲೋ ದೋಹಾದಲ್ಲೋ ಮುಂದಿನ ವಿಮಾನಕ್ಕೆ ಮತ್ತೆ ಚೆಕ್ ಆಗುವಾಗ ಅದು ಬರೀ ಒಂದು ಲೀಟರ್ ದ್ರವ.

ಅಮೆರಿಕಕ್ಕೆ ಹೋಗಿ ಅಲ್ಲಿ ಇನ್ನೊಂದು ವಿಮಾನ ಹಿಡಿಯುವವರಿಗೆ ಒಂದು ದಾರಿ ಇದೆ. ಮೊದಲು ಇಳಿದ ಊರಿನಲ್ಲಿ ಲಗೇಜ್ ಕೈಗೆ ಬರುತ್ತದೆ, ಅದನ್ನು ಮತ್ತೆ ಕೊಡಬೇಕು. ಕೊಡುವ ಮೊದಲು ಬಾಟಲಿಯನ್ನು ಪೆಟ್ಟಿಗೆಯೊಳಗೆ ಹಾಕಿಬಿಡಿ. ನಿಶ್ಚಿಂತೆ.

## ಔಷಧಿ, ಮಗು, ಸೆಂಟ್

ಅಪ್ಪನಿಗೆ ಇನ್ಸುಲಿನ್, ಕೆಮ್ಮಿನ ಸಿರಪ್, ಕಷಾಯ ಎಲ್ಲ ಬೇಕು. 100 ಮಿಲಿಗೆ ಸಾಲಲ್ಲ.

ಪ್ರಯಾಣದಲ್ಲಿ ಬೇಕಾಗುವ ಔಷಧಿಗೆ 100 ಮಿಲಿ ಮಿತಿ ಇಲ್ಲ. ಎಷ್ಟು ಬೇಕೋ ಅಷ್ಟು, ಹೋಗುವ ಬರುವ ದಿನಗಳಿಗೆ ಹೊಂದುವ ಹಾಗೆ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಇರಲಿ, ಅದರಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದಲಿ. ಮನೆತನದ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮಲ್ಲಿ ಮಾಮೂಲು, ಹೊರಡುವ ಮುಂಚೆ ಒಮ್ಮೆ ನೋಡಿ. ಇದನ್ನು ಜಿಪ್ ಕವರಿಗೆ ಸೇರಿಸದೆ ಬೇರೆಯಾಗಿ ತೆಗೆದು ತೋರಿಸಿ.

ಇನ್ಸುಲಿನ್ ಯಾವತ್ತೂ ಕೈಚೀಲದಲ್ಲೇ ಇರಬೇಕು. ಲಗೇಜಿನ ಜಾಗದಲ್ಲಿ ಚಳಿ ಜಾಸ್ತಿಯಾಗಿ ಅದು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಲಗೇಜ್ ತಪ್ಪಿ ಬೇರೆ ಊರಿಗೆ ಹೋದರೆ ಇನ್ನೂ ಕಷ್ಟ. ಮನೆಯಲ್ಲಿ ಕಾಯಿಸಿದ ಕಷಾಯಕ್ಕೆ, ತೈಲಕ್ಕೆ ಚೀಟಿ ಇರುವುದಿಲ್ಲ. ಅದನ್ನು ಔಷಧಿ ಅಂತ ಒಪ್ಪಿಸುವುದು ಕಷ್ಟ, ಲಗೇಜಿಗೆ ಹಾಕಿ.

ಮಗುವಿನ ಹಾಲು, ರಾಗಿ ಸರಿ?

ಮಗು ಜೊತೆಗೇ ಇದ್ದರೆ ಪ್ರಯಾಣಕ್ಕೆ ಬೇಕಾದಷ್ಟು ಬಿಡುತ್ತಾರೆ. ಬೇರೆಯಾಗಿ ತೆಗೆದು ತೋರಿಸಿ. ರಾಗಿ ಸರಿಯನ್ನು ಪುಡಿಯಾಗಿಯೇ ಒಯ್ದು, ಒಳಗೆ ಬಿಸಿನೀರು ಕೇಳಿ ಕಲಸಿಕೊಳ್ಳುವುದು ಸಲೀಸು.

ಸೆಂಟ್, ಡಿಯೋಡರೆಂಟ್ ಸ್ಪ್ರೇ ಲಗೇಜಲ್ಲಿ ಎಷ್ಟು ಬೇಕಾದ್ರೂ ಇಡಬಹುದಾ?

ಇಲ್ಲ. ಒಂದೊಂದು ಡಬ್ಬಿ 500 ಮಿಲಿ ದಾಟಬಾರದು, ಎಲ್ಲ ಸೇರಿ ಒಬ್ಬರಿಗೆ 2 ಲೀಟರ್. ಮುಚ್ಚಳ ಸರಿಯಾಗಿ ಕೂತಿರಬೇಕು. ಪೇಂಟ್ ಸ್ಪ್ರೇ, ಸೀಮೆಎಣ್ಣೆ, ಪೆಟ್ರೋಲ್ ಎಲ್ಲೂ ಬೇಡ.

## ಸ್ವಲ್ಪ ಆಳದ ಪ್ರಶ್ನೆಗಳು

ಗಟ್ಟಿಯಾಗಿ ಐಸ್ ಮಾಡಿದ್ರೆ ಅದು ದ್ರವ ಅಲ್ಲ ಅಂತಾರೆ. ನಿಜಾನಾ?

ಅಮೆರಿಕದ ನಿಲ್ದಾಣಗಳ ನಿಯಮದಲ್ಲಿ ನಿಜ. ಚೆಕ್ ಆಗುವ ಕ್ಷಣದಲ್ಲಿ ಕಲ್ಲಿನಂತೆ ಇದ್ದರೆ ಬಿಡುತ್ತಾರೆ. ಅಡಿಯಲ್ಲಿ ಸ್ವಲ್ಪ ಕರಗಿ ನೀರು ನಿಂತಿದ್ದರೂ ಅದು ದ್ರವ. ಮಡಿಕೇರಿಯಿಂದ ಬೆಂಗಳೂರಿಗೆ ಐದಾರು ಗಂಟೆ ಕಾರು, ಆಮೇಲೆ ಸಾಲು. ಅಷ್ಟು ಹೊತ್ತು ಯಾವ ಐಸ್ ನಿಲ್ಲುತ್ತದೆ? ಇದನ್ನು ನಂಬಿಕೊಂಡು ಇಲ್ಲಿಂದ ಹೊರಡಬೇಡಿ.

ಈಗ ಹೊಸ ಸ್ಕ್ಯಾನರ್ ಬಂದಿದೆ, 100 ಮಿಲಿ ರೂಲ್ ಹೋಯ್ತು ಅಂತ ಸುದ್ದಿ ನೋಡಿದೆ.

ಕೆಲವು ಕಡೆ ಮಾತ್ರ. ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನಂತೆ ಬ್ಯಾಗನ್ನು ಎಲ್ಲ ಕಡೆಯಿಂದ ನೋಡುವ ಯಂತ್ರಗಳು ಬಂದಿವೆ. ದ್ರವ ಯಾವ ಥರದ್ದು ಅಂತ ಅವುಗಳಿಗೆ ಗೊತ್ತಾಗುತ್ತದೆ. 2025ರ ಜುಲೈನಲ್ಲಿ ಬ್ರಿಟನ್ನಿನ ಎಡಿನ್‌ಬರೋ, ಬರ್ಮಿಂಗ್‌ಹ್ಯಾಮ್ ನಿಲ್ದಾಣಗಳು 2 ಲೀಟರ್‌ವರೆಗೆ ಬಿಡಲು ಶುರು ಮಾಡಿದವು. ಯುರೋಪಿನಲ್ಲಿ ಈ ವಿಷಯ ಹಿಂದೆ ಮುಂದೆ ಆಗುತ್ತಲೇ ಇತ್ತು. ಹೊಸ ಯಂತ್ರ ಇದ್ದ ಕಡೆಗೂ 2024ರ ಸೆಪ್ಟೆಂಬರ್‌ನಿಂದ 100 ಮಿಲಿ ಮಿತಿ ವಾಪಸ್ ತಂದರು, 2025ರಲ್ಲಿ ಒಪ್ಪಿಗೆ ಸಿಕ್ಕ ಯಂತ್ರಗಳಿಗೆ ಮತ್ತೆ ಸಡಿಲಿಸಿದರು.

ನಮಗೆ ಇದರಿಂದ ಲಾಭ ಕಮ್ಮಿ. ನೀವು ಹೊರಡುವ ನಿಲ್ದಾಣದ ನಿಯಮವೇ ನಿಮಗೆ ಅನ್ವಯಿಸುವುದು, ಇಳಿಯುವ ನಿಲ್ದಾಣದ್ದಲ್ಲ. ವಾಪಸ್ ಬರುವಾಗ ಅಲ್ಲಿ 2 ಲೀಟರ್ ಬಿಟ್ಟರೂ ಮಧ್ಯದ ನಿಲ್ದಾಣದಲ್ಲಿ ಹಳೆಯ ಯಂತ್ರ ಇದ್ದರೆ ಕಥೆ ಮುಗಿಯಿತು.

ಟ್ರೇಯಿಂದ ಬಾಟಲಿ ಎತ್ತಿ ಪಕ್ಕಕ್ಕಿಟ್ಟರು. ಆಗ ಏನು ಮಾಡೋದು?

ಮೊದಲು ದನಿ ಏರಿಸಬೇಡಿ. ಸಮಯ ಇದ್ದರೆ, ವಾಪಸ್ ಹೋಗಿ ಚೆಕ್-ಇನ್‌ಗೆ ಹಾಕಬಹುದಾ ಅಂತ ಕೇಳಿ. ವಿಮಾನ ಕಂಪನಿಯ ಸಿಬ್ಬಂದಿ ಜೊತೆಗೆ ಬರಬೇಕಾಗುತ್ತದೆ, ಲಗೇಜಿನ ತೂಕ ಉಳಿದಿರಬೇಕು. ಬಿಡಲು ಬಂದವರು ಇನ್ನೂ ಹೊರಗಿದ್ದರೆ ಅವರಿಗೆ ಬಾಗಿಲ ಹತ್ತಿರ ಕೊಡಬಹುದು. ಅದಕ್ಕೇ ನಾನು ಹೇಳುವುದು, ಡ್ರೈವರನ್ನು ಬೇಗ ಕಳಿಸಬೇಡಿ, ಸೆಕ್ಯೂರಿಟಿ ದಾಟಿದ ಮೇಲೆ ಫೋನ್ ಮಾಡಿ ಹೊರಡಿ ಅನ್ನಿ. ಇದ್ಯಾವುದೂ ಆಗದಿದ್ದರೆ ಅಲ್ಲೇ ಬಿಡಬೇಕು. ಅಜ್ಜಿ ಕೊಟ್ಟದ್ದು ಅಂದರೂ ಅಷ್ಟೇ.

ಲಗೇಜಲ್ಲಿ ಜೇನು ಸೋರದ ಹಾಗೆ ಪ್ಯಾಕ್ ಮಾಡೋದು ಹೇಗೆ?

ಬಾಟಲಿ ಯಾಕೆ ಸೋರುತ್ತದೆ ಅಂತ ಗೊತ್ತಿದ್ದರೆ ಪ್ಯಾಕಿಂಗ್ ಸುಲಭ. ಹಾರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 2400 ಮೀಟರ್ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯಬಹುದು. ನಮ್ಮ ತಡಿಯಂಡಮೋಳ್ ಇರುವುದೇ 1748 ಮೀಟರ್. ಕೆಳಗೆ ಮುಚ್ಚಿದ ಬಾಟಲಿಯೊಳಗಿನ ಗಾಳಿ ಮೇಲೆ ಹೋದಾಗ ಹಿಗ್ಗುತ್ತದೆ, ದಾರಿ ಸಿಕ್ಕಲ್ಲಿ ಜೇನನ್ನೂ ತಳ್ಳಿಕೊಂಡು ಹೊರಬರುತ್ತದೆ. ಮಂಗಳೂರಿನಲ್ಲಿ ತುಂಬಿಸಿ ಮುಚ್ಚಿದ ಬಾಟಲಿಗಿಂತ ಮಡಿಕೇರಿಯಲ್ಲಿ ಮುಚ್ಚಿದ್ದು ಸ್ವಲ್ಪ ಕಮ್ಮಿ ಹಿಗ್ಗುತ್ತದೆ, ಎತ್ತರದಲ್ಲಿ ಇರುವುದರ ಒಂದು ಚಿಕ್ಕ ಲಾಭ.

ಹಾಗಾಗಿ ಗಾಜಿಗಿಂತ ಮೆತ್ತಗಿನ ಪ್ಲಾಸ್ಟಿಕ್ ಬಾಟಲಿ ಒಳ್ಳೆಯದು. ಪೂರ್ತಿ ಕುತ್ತಿಗೆವರೆಗೆ ತುಂಬಬೇಡಿ, ಎರಡು ಬೆರಳು ಬಿಡಿ, ಆಮೇಲೆ ಬದಿ ಒತ್ತಿ ಸ್ವಲ್ಪ ಗಾಳಿ ಹೊರಗೆ ಹಾಕಿ ಮುಚ್ಚಿ. ಬಾಯಿಯ ಅಂಚನ್ನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಅಲ್ಲಿ ಜೇನು ಅಂಟಿದ್ದರೆ ಮುಚ್ಚಳ ಎಷ್ಟು ತಿರುಗಿಸಿದರೂ ಸರಿಯಾಗಿ ಕೂರುವುದಿಲ್ಲ. ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಅದರ ಮೇಲೆ ಮುಚ್ಚಳ ಬಿಗಿ ಮಾಡಿ, ಸುತ್ತ ಟೇಪ್ ಹಾಕಿ. ರಾತ್ರಿ ಪೂರ್ತಿ ಹಳೆ ಪೇಪರಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಬೆಳಿಗ್ಗೆ ಪೇಪರಿನಲ್ಲಿ ಜಿಡ್ಡಿನ ಉಂಗುರ ಕಂಡರೆ ಆ ಮುಚ್ಚಳ ಬದಲಿಸಿ. ಕಾಣದಿದ್ದರೆ ಎರಡು ಕವರ್, ಅದರ ಮೇಲೆ ಹಳೆ ಟವೆಲ್, ಪೆಟ್ಟಿಗೆಯ ಮಧ್ಯಕ್ಕೆ. ಅಂಚಿನಲ್ಲಿ ಇಟ್ಟರೆ ಪೆಟ್ಟಿಗೆ ಎಸೆದಾಗ ಪೆಟ್ಟೆಲ್ಲ ಬಾಟಲಿಗೇ.

ದ್ರವದ ಪ್ರಶ್ನೆ ಅಲ್ಲ. ಮದುವೆಗೆ ಹೋಗ್ತಿದ್ದೀನಿ, ಕುಪ್ಯ (ಕೊಡವ ಗಂಡಸರ ನಿಲುವಂಗಿ) ಜೊತೆ ಸೊಂಟಕ್ಕೆ ಸಿಕ್ಕಿಸೋ ಪೀಚೆಕತ್ತಿ ಇದೆ. ಕೈಚೀಲದಲ್ಲಿ ಇಡಬಹುದಾ?

ಖಂಡಿತ ಬೇಡ. ಬೆಳ್ಳಿಯದ್ದು, ಅಲಂಕಾರಕ್ಕೆ, ಹರಿತ ಇಲ್ಲ ಅಂದರೂ ಅದು ಕತ್ತಿಯೇ. ಅಲಗಿಗೆ ದಪ್ಪ ರಟ್ಟು ಸುತ್ತಿ ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ, ಬೆಲೆಬಾಳುವ ಬೆಳ್ಳಿ ಕೆಲಸ ಇದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ. ಕುಪ್ಯ, ಸೊಂಟಕ್ಕೆ ಕಟ್ಟುವ ಚೇಲೆ ಕೈಚೀಲದಲ್ಲೇ ಇರಲಿ. ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೂ ಬಟ್ಟೆ ಇರುತ್ತದೆ, ಕತ್ತಿಯನ್ನು ಅಲ್ಲಿ ಯಾರಾದರೂ ನೆಂಟರ ಹತ್ತಿರ ಕೇಳಿ ಪಡೆಯಬಹುದು.